ಇದ್ದಿದ್ರೆ ಕೊಡ್ತಿದ್ದೆ: ಇಂಗ್ಲಿಷಿನ ಇಫ್ ವಾಕ್ಯ ನನ್ನ ತಲೆಗೆ ಹತ್ತಿದ ಕಥೆ

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಪಂಪ್‌ಗಳಿಗೆ ಹಾಕುವ ಬುಷ್ ಮಾಡುತ್ತೇವೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬರೆಯಬೇಕು ಅಂದರೆ ಮಾತ್ರ ಕೈ ಹಿಂದೆಮುಂದೆ ನೋಡುತ್ತಿತ್ತು. ನಮ್ಮ ಗಿರಾಕಿಗಳಲ್ಲಿ ಕೊಯಮತ್ತೂರಿನವರು ಜಾಸ್ತಿ. ಅವರಿಗೆ ಕನ್ನಡ ಬರಲ್ಲ, ನನಗೆ ತಮಿಳು ಬರಲ್ಲ. ಹಾಗಾಗಿ ನಡುವೆ ಇಂಗ್ಲಿಷೇ ಗತಿ.

ಒಂದು ದಿನ ಅಲ್ಲಿಂದ ಮೇಲ್ ಬಂತು. 400 ಬುಷ್ ಇವತ್ತೇ ಕಳಿಸೋಕೆ ಆಗುತ್ತಾ ಅಂತ. ಗ್ರೈಂಡಿಂಗ್‌ಗೆ ಹೊರಗೆ ಕೊಟ್ಟಿದ್ದ ಲಾಟ್ ಮಧ್ಯಾಹ್ನ ವಾಪಸ್ ಬರಬೇಕಿತ್ತು. ‘ಬಂದರೆ ಇವತ್ತೇ ಕಳಿಸ್ತೀವಿ’ ಅನ್ನುವುದು ನನ್ನ ಮನಸ್ಸಿನಲ್ಲಿದ್ದ ಮಾತು. ನಾನು ಬರೆದದ್ದು ಹೀಗೆ: ‘ಇಫ್ ವಿ ಹ್ಯಾಡ್ ದ ಸ್ಟಾಕ್, ವಿ ವುಡ್ ಡಿಸ್ಪ್ಯಾಚ್ ಇಟ್ ಟುಡೇ.’ ವಿಲ್ ಅನ್ನುವುದಕ್ಕಿಂತ ವುಡ್ ಅಂದರೆ ಮರ್ಯಾದೆ ಜಾಸ್ತಿ ಅಂತ ನನ್ನ ಲೆಕ್ಕ. ‘ವುಡ್ ಯು’, ‘ಕುಡ್ ಯು’ ಅಂತ ಕೇಳಿದರೆ ವಿನಯ ಅಂತ ಯಾರೋ ಹೇಳಿಕೊಟ್ಟಿದ್ದರು. ಅದನ್ನೇ ಎಲ್ಲ ಕಡೆ ಉಪ್ಪಿನ ಹಾಗೆ ಉದುರಿಸುತ್ತಿದ್ದೆ.

ಲಾಟ್ ಮೂರು ಗಂಟೆಗೆ ಬಂತು. ಪ್ಯಾಕ್ ಮಾಡಿಸಿ, ಎಲ್‌ಆರ್ (ಲಾರಿ ರಸೀದಿ) ನಂಬರ್ ಹೇಳೋಣ ಅಂತ ಫೋನ್ ಮಾಡಿದರೆ, ಆ ಕಡೆಯವರಿಗೆ ಆಶ್ಚರ್ಯ. ಸ್ಟಾಕ್ ಇಲ್ಲ ಅಂತ ನೀವೇ ಬರೆದಿರಲ್ಲ, ಬೇರೆ ಕಡೆ ಆರ್ಡರ್ ಕೊಟ್ಟಾಯ್ತು ಅಂದರು. ನಾನು ಹಾಗೆ ಬರೆದೇ ಇಲ್ಲ ಅಂತ ವಾದ ಮಾಡಿದೆ. ಆಮೇಲೆ ನಮ್ಮ ಯಜಮಾನರು ಮೇಲ್ ತೆಗೆದು ಓದಿದರು. ಬೈಯಲಿಲ್ಲ, ಅದೇ ಇನ್ನೂ ಕಷ್ಟ. ‘ಇದ್ದಿದ್ರೆ ಕೊಡ್ತಿದ್ದೆ ಅಂತ ಬರೆದಿದ್ದೀಯಲ್ಲಪ್ಪ’ ಅಂದರು, ಅಷ್ಟೇ.

ಇದ್ದಿದ್ರೆ ಕೊಡ್ತಿದ್ದೆ! ಕೈಸಾಲ ಕೇಳಿದವರಿಗೆ ನಾವೆಲ್ಲ ಹೇಳುವ ಮಾತು ತಾನೇ ಅದು? ಅದರ ಅರ್ಥ ‘ಇಲ್ಲ, ಹೋಗಿ ಬಾ’ ಅಂತ. ನಾನು ಇಂಗ್ಲಿಷಿನಲ್ಲಿ ಗಿರಾಕಿಗೆ ಅದನ್ನೇ ಹೇಳಿದ್ದೆ.

ಹಾಗಂತ ಇಫ್ ವಾಕ್ಯ ನನಗೆ ಹೊಸದೇನಲ್ಲ. ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಕಂಡೀಷನಲ್ ಅಂತ ಅದರ ನಾಲ್ಕು ಸೂತ್ರ ಬಾಯಿಪಾಠ ಇತ್ತು. ಬಿಟ್ಟ ಸ್ಥಳ ತುಂಬಿ ಅಂದರೆ ಹತ್ತಕ್ಕೆ ಒಂಬತ್ತು ಸರಿ ಮಾಡುತ್ತಿದ್ದೆ. ಆದರೆ ಅಲ್ಲಿ ಅರ್ಧ ವಾಕ್ಯ ಅವರೇ ಕೊಟ್ಟಿರುತ್ತಾರೆ. ‘ಇಫ್ ಐ ವರ್ ಎ ಬರ್ಡ್’ ಅಂತ ಕಣ್ಣಿಗೆ ಬಿದ್ದರೆ ಕೈ ತಾನಾಗಿ ‘ವುಡ್ ಫ್ಲೈ’ ಬರೆಯುತ್ತದೆ. ಮೇಲ್ ಬರೆಯುವಾಗ ಎರಡೂ ಕಡೆ ಬಿಟ್ಟ ಸ್ಥಳವೇ. ಯಾವ ಸೂತ್ರ ಅಂತ ಆರಿಸುವವರು ನಾವು. ಆ ಆರಿಸುವ ಕೆಲಸವನ್ನು ನಾನು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ.

ಯಜಮಾನರ ಆ ಒಂದು ಮಾತಿನಿಂದ ನಾನು ಉಲ್ಟಾ ದಾರಿ ಹಿಡಿದೆ. ಮೊದಲು ಕನ್ನಡದಲ್ಲಿ ನಾವು ಏನು ಮಾಡುತ್ತೇವೆ ಅಂತ ನೋಡಿದೆ. ‘ನಾಳೆ ಮಳೆ ಬಂದರೆ’ ಅನ್ನುತ್ತೇವೆ. ನಾಳೆಯ ಮಾತು, ಆದರೆ ಒಳಗೆ ಕೂತಿರುವುದು ‘ಬಂದ’. ಅದು ಆಗಿಹೋದದ್ದರ ರೂಪ! ‘ಬರುತ್ತದೆ’ ಅನ್ನುವುದಕ್ಕೆ ನೇರವಾಗಿ ‘ರೆ’ ಅಂಟಿಸಲು ಆಗುವುದೇ ಇಲ್ಲ. ಇಂಗ್ಲಿಷಿನಲ್ಲೂ ಇಫ್ ಇರುವ ಕಡೆ ಸಾಮಾನ್ಯವಾಗಿ ವಿಲ್ ಕೂರುವುದಿಲ್ಲ, ‘ಇಫ್ ಇಟ್ ರೇನ್ಸ್’ ಅಷ್ಟೇ. ‘ಇಫ್ ಇಟ್ ವಿಲ್ ರೇನ್’ ಅಂತ ನಾನು ವರ್ಷಗಟ್ಟಲೆ ಬರೆದಿದ್ದೇನೆ, ಬಿಡಿ.

ಇನ್ನೊಂದು ನೋಡಿ. ‘ಚಿಕ್ಕವನಿದ್ದಾಗ ದಿನಾ ಕೆರೆಗೆ ಹೋಗುತ್ತಿದ್ದೆ’ ಅನ್ನುವ ‘ಹೋಗುತ್ತಿದ್ದೆ’ಯೇ ‘ರಜ ಸಿಕ್ಕಿದ್ದರೆ ಊರಿಗೆ ಹೋಗುತ್ತಿದ್ದೆ’ ಅನ್ನುವಲ್ಲೂ ಬರುತ್ತದೆ. ವುಡ್ ಕೂಡ ಹಾಗೇ. ಹಿಂದೆ ದಿನಾ ಮಾಡುತ್ತಿದ್ದುದಕ್ಕೂ ವುಡ್, ಆಗದೇ ಇರುವುದಕ್ಕೂ ವುಡ್. ಸೆಕೆಂಡ್ ಕಂಡೀಷನಲ್‌ನಲ್ಲಿ, ಅಂದರೆ ‘ಇಫ್ ಐ ವರ್ ಎ ಬರ್ಡ್’ ಥರದ ವಾಕ್ಯದಲ್ಲಿ, ಈಗಿನ ವಿಷಯಕ್ಕೆ ಯಾಕೆ ಹಳೆಯ ರೂಪ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ನಾವು ಮನೆಯಲ್ಲಿ ದಿನಾ ಮಾಡುವುದೂ ಅದನ್ನೇ.

ಜಾಸ್ತಿ ಖುಷಿಪಡುವ ಹಾಗೂ ಇಲ್ಲ. ನಮ್ಮಲ್ಲಿ ಒಂದೇ ಡಬ್ಬದಲ್ಲಿರುವುದನ್ನು ಇಂಗ್ಲಿಷ್ ಎರಡು ಡಬ್ಬಕ್ಕೆ ಹಾಕುತ್ತದೆ. ಗೆಳೆಯ ಈಗ ದುಡ್ಡು ಕೇಳುತ್ತಾನೆ. ‘ಇದ್ದಿದ್ರೆ ಕೊಡ್ತಿದ್ದೆ ಕಣಪ್ಪ.’ ಹತ್ತು ವರ್ಷದ ಹಿಂದೆ ಒಂದು ಸೈಟ್ ಕೈತಪ್ಪಿತು. ‘ಅವತ್ತು ದುಡ್ಡು ಇದ್ದಿದ್ರೆ ತಗೋತಿದ್ದೆ.’ ಕನ್ನಡದಲ್ಲಿ ಎರಡೂ ಒಂದೇ ಅಚ್ಚು. ಅದು ಈಗಿನ ಮಾತೋ ಆಗಿನ ಮಾತೋ ಅನ್ನುವುದನ್ನು ‘ಅವತ್ತು’ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ಅವತ್ತು’ ಹಾಕಿದರೆ ಸಾಲದು, ಕ್ರಿಯಾಪದವೇ ಬದಲಾಗಬೇಕು. ಮೊದಲನೆಯದು ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್’. ಎರಡನೆಯದು ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಬಾಟ್’. ಆ ಎರಡು ಹ್ಯಾಡ್ ನೋಡಿ ನಾನು ಮೊದಲು ಪ್ರಿಂಟ್ ಮಿಸ್ಟೇಕ್ ಅಂದುಕೊಂಡಿದ್ದೆ. ನಿಜವಾಗಿ ಅಭ್ಯಾಸ ಬೇಕಿದ್ದದ್ದು ಇಲ್ಲಿಗೆ. ಉಳಿದದ್ದಕ್ಕೆ ಸೂತ್ರ ಗಟ್ಟಿ ಮಾಡುತ್ತಾ ಕೂತು ಸುಮ್ನೆ ಟೈಮ್ ಕಳೆದಿದ್ದೆ.

ಅಭ್ಯಾಸಕ್ಕೆ ಸಿಕ್ಕಿದ್ದು ರೈಲು. ನನ್ನದು ತುಮಕೂರು. ಸೀಸನ್ ಪಾಸ್ ಮಾಡಿಸಿ ಯಶವಂತಪುರದವರೆಗೆ ಬಂದು, ಅಲ್ಲಿಂದ ಮೆಟ್ರೋದಲ್ಲಿ ಪೀಣ್ಯಕ್ಕೆ ಬರುತ್ತೇನೆ. ಜೊತೆಗೆ ಒಬ್ಬ ಗೆಳೆಯ, ಬ್ಯಾಂಕಿನಲ್ಲಿ ಕೆಲಸ. ಅವನಿಗೂ ಇದೇ ರೋಗ. ಇಬ್ಬರೂ ಒಂದು ಆಟ ಮಾಡಿಕೊಂಡೆವು. ಬೆಳಗ್ಗೆ ಹೋಗುವಾಗ ವಿಲ್ ಮಾತ್ರ, ಯಾಕೆಂದರೆ ದಿನ ಇನ್ನೂ ಮುಂದಿದೆ. ‘ಇಫ್ ದ ಟ್ರೇನ್ ಈಸ್ ಲೇಟ್, ಐ ವಿಲ್ ಮಿಸ್ ದ ಪಂಚಿಂಗ್.’ ಸಂಜೆ ವಾಪಸ್ ಬರುವಾಗ ವುಡ್ ಹ್ಯಾವ್ ಮಾತ್ರ, ಯಾಕೆಂದರೆ ಆಗಿದ್ದು ಆಗಿಹೋಗಿದೆ. ದಿನದಲ್ಲಿ ಎಡವಟ್ಟು ಮಾಡಿಕೊಂಡ ಮೂರು ವಿಷಯ ಹೇಳಬೇಕು. ‘ಇಫ್ ಐ ಹ್ಯಾಡ್ ಚೆಕ್ಡ್ ದ ಇನ್‌ವಾಯ್ಸ್, ಹಿ ವುಡ್ ನಾಟ್ ಹ್ಯಾವ್ ಶೌಟೆಡ್.’ ಸಂಜೆ ವಾಕ್ಯಕ್ಕೆ ಬರ ಅನ್ನುವುದೇ ಇರಲಿಲ್ಲ ನೋಡಿ.

ಸೆಕೆಂಡ್ ಕಂಡೀಷನಲ್‌ಗೆ ಕ್ಯಾತ್ಸಂದ್ರ. ತಟ್ಟೆ ಇಡ್ಲಿ ಊರು. ನಮ್ಮ ಗಾಡಿಗೆ ಅಲ್ಲಿ ಇಳಿದು ತಿನ್ನುವಷ್ಟು ಪುರುಸೊತ್ತು ಯಾವತ್ತೂ ಇಲ್ಲ. ‘ಇಫ್ ದಿಸ್ ಟ್ರೇನ್ ಸ್ಟಾಪ್ಡ್ ಹಿಯರ್ ಫಾರ್ ಹಾಫ್ ಆನ್ ಅವರ್, ವಿ ವುಡ್ ಈಟ್ ತಟ್ಟೆ ಇಡ್ಲಿ.’ ನಿಲ್ಲುವುದಿಲ್ಲ ಅಂತ ಗೊತ್ತು, ಹೊಟ್ಟೆಗೂ ಗೊತ್ತು. ಅದಕ್ಕೇ ಸ್ಟಾಪ್ಸ್ ಅಲ್ಲ, ಸ್ಟಾಪ್ಡ್. ಒಂದು ದಿನ ಗೆಳೆಯ ‘ಇಫ್ ಇಟ್ ಸ್ಟಾಪ್ಸ್, ವಿ ವಿಲ್ ಈಟ್’ ಅಂದ. ಆಗಲೇ ಗಾಡಿ ನಿಧಾನ ಆಗುತ್ತಿತ್ತು, ಸಿಗ್ನಲ್ ಬಿದ್ದಿರಲಿಲ್ಲ. ಅವನು ಬ್ಯಾಗ್ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿದ್ದ. ತಪ್ಪಲ್ಲ, ಸರಿಯಾಗೇ ಹೇಳಿದ್ದ. ಗಾಡಿ ಅದೇ. ಬದಲಾಗಿದ್ದು ಅವನ ನಂಬಿಕೆ. ಆದರೂ ಆದೀತು ಅಂತ ಅನ್ನಿಸಿದರೆ ವಿಲ್, ಆಗುವ ಮಾತಿಲ್ಲ ಅನ್ನಿಸಿದರೆ ವುಡ್. ನನ್ನ ಆ ಮೇಲ್ ಹಾಳಾಗಿದ್ದು ಇದೇ ಜಾಗದಲ್ಲಿ.

ಯಾವಾಗಲೂ ಆಗುವುದನ್ನು ಹೇಳುವ ಝೀರೋಗೆ ನಾನು ಟೈಮ್ ಕೊಡಲಿಲ್ಲ. ಆಯಿಲ್ ಕಮ್ಮಿ ಆದರೆ ಮಷಿನ್ ನಿಲ್ಲುತ್ತದೆ, ಮುಗಿಯಿತು.

ಅನ್‌ಲೆಸ್ ಮಾತ್ರ ಚೆನ್ನಾಗಿ ಕಾಡಿತು. ಪಿಒ ಅಂದರೆ ಪರ್ಚೇಸ್ ಆರ್ಡರ್. ‘ಪಿಒ ಕಳಿಸದಿದ್ದರೆ ಮಾಲು ಕಳಿಸಲ್ಲ’ ಅನ್ನಲು ‘ಅನ್‌ಲೆಸ್ ಯು ಡೋಂಟ್ ಸೆಂಡ್ ದ ಪಿಒ’ ಅಂತ ಬರೆಯುತ್ತಿದ್ದೆ. ಕಳಿಸದಿದ್ದರೆ ಅನ್ನುವುದರ ‘ದೆ’ ಅನ್‌ಲೆಸ್ ಒಳಗೇ ಸೇರಿಕೊಂಡಿದೆ. ಮೇಲೆ ಡೋಂಟ್ ಹಾಕಿದರೆ ಅರ್ಥ ತಿರುಗಿ ಬೀಳುತ್ತದೆ. ‘ಇಫ್ ಸಪೋಸ್’ ಕೂಡ ನಮ್ಮದೇ ಸರಕು. ‘ಒಂದು ವೇಳೆ ಬಂದರೆ’ ಅಂತ ನಾವು ಹಿಂದೊಂದು ಮುಂದೊಂದು ಕಟ್ಟುತ್ತೇವೆ. ಇಂಗ್ಲಿಷಿಗೆ ಇಫ್ ಇಲ್ಲವೇ ಸಪೋಸ್, ಯಾವುದಾದರೂ ಒಂದು ಸಾಕು. ಬೆಂಗಳೂರಿನ ಆಫೀಸುಗಳಲ್ಲಿ ಎಲ್ಲರೂ ಇಫ್ ಸಪೋಸ್ ಅಂತಾರೆ, ಅರ್ಥವೂ ಆಗುತ್ತೆ. ಮಾತಿನಲ್ಲಿ ನಾನು ಅದನ್ನು ಬಿಟ್ಟಿಲ್ಲ. ಬರೆಯುವಾಗ ಅಳಿಸುತ್ತೇನೆ.

ಫೋನಿನಲ್ಲಿ ಇನ್ನೊಂದು ಪೇಚಾಟ. ‘ಐಡ್’ ಅಂತ ಕೇಳಿಸುತ್ತದೆ. ಅದು ಐ ಹ್ಯಾಡ್ ಕೂಡ ಆಗಬಹುದು, ಐ ವುಡ್ ಕೂಡ ಆಗಬಹುದು. ನಾನು ಆಮೇಲೆ ಬರುವ ಪದಕ್ಕೆ ಕಿವಿ ಕೊಡುತ್ತೇನೆ. ‘ಐಡ್ ನೋನ್’ ಅಂದರೆ ಹ್ಯಾಡ್, ‘ಐಡ್ ಗೋ’ ಅಂದರೆ ವುಡ್. ಇದು ಬರವಣಿಗೆಯಿಂದ ಬರಲಿಲ್ಲ, ಗಿರಾಕಿಗಳ ಕೈಲಿ ಎರಡೆರಡು ಸಲ ಹೇಳಿಸಿಯೇ ಬಂತು.

ಈಗಲೂ ಮೇಲ್ ಕಳಿಸುವ ಮೊದಲು ಇಫ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತೇನೆ. ‘ಬಂದರೆ ಕಳಿಸ್ತೀನಿ’ ಅಂತ ಬಂದರೆ ವಿಲ್. ‘ಇದ್ದಿದ್ರೆ ಕೊಡ್ತಿದ್ದೆ’ ಅಂತ ಬಂದರೆ ನಿಂತು, ಈಗಿನದಾ ಆಗಿನದಾ ಅಂತ ಕೇಳಿಕೊಳ್ಳುತ್ತೇನೆ. ಎರಡೂ ಒಂದರಲ್ಲೇ ಬೆರೆತಾಗ ಮಾತ್ರ, ಅಂದರೆ ಕಾರಣ ಆಗಿನದು, ಫಲ ಈಗಿನದು ಆದಾಗ, ಇನ್ನೂ ಅರೆಕ್ಷಣ ತಡವರಿಸುತ್ತೇನೆ. ಮೊನ್ನೆ ಹಿರೇಹಳ್ಳಿ ದಾಟುವಾಗ ಗೆಳೆಯ ಬೇಕಂತಲೇ ಕೆಣಕಿದ. ‘ಅವತ್ತು ಆ ಮೇಲ್ ಸರಿಯಾಗಿ ಬರೆದಿದ್ರೆ ಏನಾಗ್ತಿತ್ತೋ?’

ಯೋಚಿಸಿ ಹೇಳಿದೆ: ‘ಇಫ್ ಐ ಹ್ಯಾಡ್ ರಿಟನ್ ಇಟ್ ಕರೆಕ್ಟ್ಲಿ, ಐ ವುಡ್ ಬಿ ಸ್ಲೀಪಿಂಗ್ ಇನ್ ದಿಸ್ ಟ್ರೇನ್ ನೌ.’