ಹಾರ್ಡ್ ಡಿಸ್ಕ್ ಇಲ್ಲದ ಕಂಪ್ಯೂಟರಿಗೆ ಪೆನ್ ಡ್ರೈವ್ ಲಿನಕ್ಸ್: ನನ್ನ ಅನುಭವ

ಪೆನ್ ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್ ಥರದ್ದೇ, ಆದರೆ ಉಚಿತವಾದ ಕಾರ್ಯಾಚರಣಾ ವ್ಯವಸ್ಥೆ) ಶುರುಮಾಡುವುದು ಈಗ ಯಾರಿಗೂ ಕಷ್ಟವಲ್ಲ. ಅರ್ಧ ಗಂಟೆಯ ಕೆಲಸ. ನಾವು ಮಾಡಿದ ಕೆಲಸ ಎಲ್ಲಿ ಉಳಿಯುತ್ತದೆ, ಯಾವಾಗ ಉಳಿಯುತ್ತದೆ ಅನ್ನುವುದನ್ನು ತಿಳಿದುಕೊಳ್ಳುವುದೇ ನಿಜವಾದ ಕೆಲಸ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಅದಕ್ಕೇ ಬರೆಯೋಣ ಅನಿಸಿತು.

ಮುಂಬೈಯಲ್ಲಿ ಸೆಂಟ್ರಲ್ ಲೈನಿನ ಕೊನೆಯ ಕಡೆ ನಾನು ರಜಾದಿನ ಹೋಗುವ ಒಂದು ಕನ್ನಡ ಸಂಘ ಇದೆ. ಅದರ ಗ್ರಂಥಾಲಯದಲ್ಲಿ ಪೆಂಟಿಯಮ್ 4 ಕಾಲದ ಒಂದು ಕಂಪ್ಯೂಟರ್. 32 ಬಿಟ್, 2 ಜಿಬಿ ರ್ಯಾಮ್. ವಿಂಡೋಸ್ ಎಕ್ಸ್‌ಪಿ ಇದ್ದ ಹಾರ್ಡ್ ಡಿಸ್ಕ್ ಒಂದು ಮಳೆಗಾಲದಲ್ಲಿ ಟಕ್ ಟಕ್ ಅಂತ ಸದ್ದು ಮಾಡಿ ನಿಂತುಹೋಯಿತು. ಆ ಕಾಲದ ಅಗಲ ಪಟ್ಟಿ ಕೇಬಲ್ಲಿನ ಡಿಸ್ಕ್ ಹುಡುಕಿಕೊಂಡು ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಕಂಡದ್ದೆಲ್ಲ ಸೆಕೆಂಡ್ ಹ್ಯಾಂಡ್. ಯಾರದೋ ಹಳೇ ಡಿಸ್ಕಿಗೆ ದುಡ್ಡು ಹಾಕುವುದಕ್ಕಿಂತ ಡಿಸ್ಕೇ ಬೇಡ ಅಂತ ತೀರ್ಮಾನ ಮಾಡಿದೆ.

ಗ್ರಂಥಾಲಯ ನೋಡಿಕೊಳ್ಳುವವರು ರಾತ್ರಿಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಪುಸ್ತಕಗಳ ಪಟ್ಟಿ, ಸಭೆಯ ವರದಿ, ಆಮಂತ್ರಣ ಎಲ್ಲ ಅವರೇ ಟೈಪ್ ಮಾಡುವುದು. ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದ ಪ್ರಶ್ನೆ: "ಅಲ್ಲ ಮಾರಾಯ, ಡಿಸ್ಕೇ ಇಲ್ಲದಿದ್ದರೆ ನಾನು ಟೈಪ್ ಮಾಡಿದ್ದು ಎಲ್ಲಿ ಹೋಗಿ ಕೂರುತ್ತದೆ?"

ನಾನು ಆರಿಸಿಕೊಂಡದ್ದು ಪಪ್ಪಿ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಇದನ್ನು ಶುರುಮಾಡಿದರು. ಅವರ ಮನೆಯ ಪುಟ್ಟ ಚಿವಾವಾ ನಾಯಿಯಿಂದ ಬಂದ ಹೆಸರು. ಈಗ ಇದನ್ನು ಬೆಳೆಸುತ್ತಿರುವುದು ಸ್ವಯಂಸೇವಕರು. ಪಪ್ಪಿ ಅಂದರೆ ಒಂದೇ ಅಲ್ಲ, ಒಂದು ಕುಟುಂಬ: ಉಬುಂಟು ಅನ್ನುವ ದೊಡ್ಡ ಲಿನಕ್ಸಿನ ಪ್ಯಾಕೇಜುಗಳಿಂದ ಕಟ್ಟಿದ್ದು ಒಂದು, ಅಂಥದೇ ಡೆಬಿಯನ್‌ನಿಂದ ಕಟ್ಟಿದ್ದು ಇನ್ನೊಂದು, ಹೀಗೆ. ಈ ಯಂತ್ರಕ್ಕೆ ಉಬುಂಟು 18.04 ಆಧಾರದ ಬಯೋನಿಕ್‌ಪಪ್32 ಹಾಕಿದೆ. ಟೈನಿ ಕೋರ್ ಅನ್ನುವ ಲಿನಕ್ಸ್ ಇನ್ನೂ ಚಿಕ್ಕದು, ಬರೀ ಹತ್ತಾರು ಎಂಬಿ. ಆದರೆ ಅದರಲ್ಲಿ ಪ್ರತಿಯೊಂದನ್ನೂ ನಾವೇ ಜೋಡಿಸಿಕೊಳ್ಳಬೇಕು. ಆ್ಯಂಟಿಎಕ್ಸ್ ಅನ್ನುವ ಇನ್ನೊಂದು ಹಗುರ ಲಿನಕ್ಸ್ ಕೂಡ ಒಳ್ಳೆಯದೇ. ಆದರೂ ಉಳಿಸುವ ವಿಚಾರದಲ್ಲಿ ಪಪ್ಪಿಯ ಲೆಕ್ಕ ನನಗೆ ಹೆಚ್ಚು ಸರಳ ಅನಿಸಿತು.

ಪೆನ್ ಡ್ರೈವ್ ಬಗ್ಗೆ ಒಂದು ಮಾತು. ಮೇಷ್ಟ್ರ ಹತ್ತಿರ ಸ್ಟೇಷನ್ ಹೊರಗಿನ ಗಾಡಿಯಲ್ಲಿ ಕೊಂಡ "64 ಜಿಬಿ" ಡ್ರೈವ್ ಒಂದಿತ್ತು. ಬೆಲೆ ನೋಡಿದರೇ ಅನುಮಾನ ಬರುವಂಥದ್ದು. ಲಿನಕ್ಸ್‌ನಲ್ಲಿ ಎಫ್3 ಅನ್ನುವ ಉಚಿತ ತಂತ್ರಾಂಶ ಇದೆ, ವಿಂಡೋಸ್‌ನಲ್ಲಾದರೆ ಎಚ್2ಟೆಸ್ಟ್‌ಡಬ್ಲ್ಯೂ. ಇವು ಡ್ರೈವ್ ಪೂರ್ತಿ ತುಂಬಿಸಿ, ಬರೆದದ್ದನ್ನೇ ತಿರುಗಿ ಓದಿ ನೋಡುತ್ತವೆ. ಅದರಲ್ಲಿ ನಿಜವಾಗಿ ಇದ್ದದ್ದು 8 ಜಿಬಿಗಿಂತ ಕಡಿಮೆ. ಉಳಿದದ್ದು ಸುಮ್ನೆ ಇದೆ ಅಂತ ತೋರಿಸುತ್ತಿತ್ತು, ಅಷ್ಟೆ. ಇಂಥ ಡ್ರೈವ್ ತುಂಬುವ ತನಕ ಚೆನ್ನಾಗಿಯೇ ಇರುತ್ತದೆ. ಆಮೇಲೆ ಬರೆದದ್ದೆಲ್ಲ ಗಾಳಿಗೆ. ಹೊಸ ಡ್ರೈವ್ ತಂದರೂ ನಾನು ಮೊದಲು ಈ ಪರೀಕ್ಷೆ ಮಾಡುತ್ತೇನೆ. ಒಂದು ರಾತ್ರಿ ಹಚ್ಚಿಟ್ಟರೆ ಬೆಳಗ್ಗೆ ಉತ್ತರ ಸಿಗುತ್ತದೆ.

ಮುಂದಿನದು ಮಾಮೂಲು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಪಪ್ಪಿಯ ಐಎಸ್‌ಒ ಕಡತ ಇಳಿಸಿಕೊಂಡೆ, ರೂಫಸ್ ಅನ್ನುವ ತಂತ್ರಾಂಶದಿಂದ ಡ್ರೈವಿಗೆ ಬರೆದೆ. ಹಳೇ ಬಯೋಸ್ (ಆನ್ ಮಾಡಿದ ಕೂಡಲೇ ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಇರುವ ಯಂತ್ರವಾದ್ದರಿಂದ ರೂಫಸ್ ಕೇಳಿದಾಗ ವಿಭಾಗದ ರೀತಿ ಎಂಬಿಆರ್, ಫೈಲ್ ವ್ಯವಸ್ಥೆ ಫ್ಯಾಟ್32 ಅಂತ ಆರಿಸಿದೆ. ಹೊಸ ಯಂತ್ರಗಳಲ್ಲಿ ಎಫ್12, ಎಫ್9, ಎಸ್ಕೇಪ್ ಹೀಗೆ ಯಾವುದೋ ಒಂದು ಕೀ ಒತ್ತಿದರೆ ಬೂಟ್ ಪಟ್ಟಿ ಬರುತ್ತದೆ. ಇದರಲ್ಲಿ ಹಾಗಿಲ್ಲ. ಬಯೋಸ್ ಒಳಗೆ ಹೋಗಿ ಬೂಟ್ ಕ್ರಮ ನೋಡಿದರೆ ಯುಎಸ್‌ಬಿ ಅಂತ ಬೇರೆ ಹೆಸರೇ ಕಾಣುವುದಿಲ್ಲ. ಪೆನ್ ಡ್ರೈವ್ ಹಾಕಿಕೊಂಡೇ ಯಂತ್ರ ಆನ್ ಮಾಡಿದರೆ ಅದು ಹಾರ್ಡ್ ಡಿಸ್ಕ್‌ಗಳ ಪಟ್ಟಿಯೊಳಗೆ ಇನ್ನೊಂದು ಡಿಸ್ಕ್ ಅಂತ ಕುಳಿತಿರುತ್ತದೆ. ಅಲ್ಲಿಂದ ಮೇಲಕ್ಕೆ ತರಬೇಕು.

ಹಾಗೆ ಮೇಲಕ್ಕೆ ತಂದ ಮೇಲೆ ಪಪ್ಪಿ ಬಂತು. ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸಿದರು. ಮರುದಿನ ಬೂಟ್ ಕ್ರಮ ಮತ್ತೆ ಮೊದಲಿನಂತೆ! ಗಡಿಯಾರ ನೋಡಿದರೆ ಎಷ್ಟೋ ವರ್ಷ ಹಿಂದಿನ ಜನವರಿ 1. ಮದರ್‌ಬೋರ್ಡ್ ಮೇಲಿನ ಗುಂಡು ಸೆಲ್ ಖಾಲಿಯಾಗಿತ್ತು. ಸಿಆರ್2032 ಅಂತ ಕೇಳಿದರೆ ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ಬರೆದಿರುವ ಬದಿ ಮೇಲಿರುವಂತೆ ಕೂರಿಸಿದರಾಯಿತು. ಈ ಸೆಲ್ ಬದಲಿಸದೆ ಲಿನಕ್ಸ್ ಸರಿಯಿಲ್ಲ ಅಂತ ಬೈಯುವವರು ಬಹಳ. ತಾರೀಖು ತಪ್ಪಿದ್ದರೆ ಬ್ರೌಸರಿನಲ್ಲಿ ಬಹುತೇಕ ಪುಟಗಳು ತೆರೆಯುವುದಿಲ್ಲ, ಸೈಟಿನ ಪ್ರಮಾಣಪತ್ರದ ಅವಧಿ ಸರಿಯಿಲ್ಲ ಅನ್ನುತ್ತದೆ. ಜನ ನೆಟ್ ಇಲ್ಲ ಅಂದುಕೊಳ್ಳುತ್ತಾರೆ. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಮಾತ್ರ ಆಚೀಚೆ ಇದ್ದರೆ ಕಾರಣ ಬೇರೆ. ಯಂತ್ರದ ಗಡಿಯಾರ ನಮ್ಮ ಊರಿನ ಸಮಯದ್ದೋ ಗ್ರೀನ್‌ವಿಚ್‌ನದ್ದೋ ಅನ್ನುವ ಗೊಂದಲ ಅದು. ಮೊದಲ ಸಲ ಬರುವ ಸೆಟಪ್ ಕಿಟಕಿಯಲ್ಲೇ ಅದನ್ನು ಸರಿಮಾಡಬಹುದು.

ಈಗ ಮೇಷ್ಟ್ರ ಪ್ರಶ್ನೆ. ಪಪ್ಪಿಯ ಇಡೀ ವ್ಯವಸ್ಥೆ ಡ್ರೈವಿನಲ್ಲಿ ಒತ್ತಿ ಚಿಕ್ಕದು ಮಾಡಿದ ಎಸ್‌ಎಫ್‌ಎಸ್ ಕಡತಗಳ ರೂಪದಲ್ಲಿರುತ್ತದೆ. ಅವನ್ನು ಓದಬಹುದು, ತಿದ್ದುವಂತಿಲ್ಲ. ಆನ್ ಮಾಡಿದಾಗ ಅವು ರ್ಯಾಮಿಗೆ ಬಂದು ಕೂರುತ್ತವೆ. ಹಳೇ ಯುಎಸ್‌ಬಿ 2 ಪೋರ್ಟಿನಲ್ಲಿ ಇದಕ್ಕೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಎಲ್ಲವೂ ರ್ಯಾಮಿನಿಂದಲೇ ಓಡುವುದರಿಂದ ಟೈಪ್ ಮಾಡುವ ಅಬಿವರ್ಡ್ ಕ್ಲಿಕ್ ಮಾಡಿದ ತಕ್ಷಣ ತೆರೆಯುತ್ತದೆ. ನಾವು ಮಾಡುವ ಬದಲಾವಣೆಗಳು ಬೇರೆ ಪದರದಲ್ಲಿ ಬೀಳುತ್ತವೆ. ಅಚ್ಚಾದ ಪುಟದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅದರ ಮೇಲೆ ಬರೆದಂತೆ. ಪುಟ ಹಾಗೇ ಇರುತ್ತದೆ, ಹಾಳೆ ತೆಗೆದರೆ ನಾವು ಬರೆದದ್ದು ಕಾಣುವುದಿಲ್ಲ. ಮೊದಲ ಸಲ ಆಫ್ ಮಾಡುವಾಗ ಪಪ್ಪಿ ಕೇಳುತ್ತದೆ: ಈ ಹಾಳೆಯನ್ನು ಇಟ್ಟುಕೊಳ್ಳಲಾ, ಎಲ್ಲಿ ಇಡಲಿ, ಎಷ್ಟು ದೊಡ್ಡದು? ಇಟ್ಟುಕೋ ಅಂದರೆ ಡ್ರೈವಿನಲ್ಲಿ ಒಂದು ಸೇವ್ ಫೈಲ್ ಮಾಡುತ್ತದೆ. ಬೇಡ ಅಂದರೆ ಎಲ್ಲವೂ ರ್ಯಾಮಿನ ಜೊತೆ ಅಳಿಸಿಹೋಗುತ್ತದೆ.

ಇಲ್ಲಿ ಎರಡು ಆಯ್ಕೆ ಇವೆ: ಸೇವ್ ಫೈಲ್ ಅಥವಾ ಸೇವ್ ಫೋಲ್ಡರ್. ಫೋಲ್ಡರ್ ಒಳ್ಳೆಯದು, ಡ್ರೈವಿನಲ್ಲಿ ಜಾಗ ಇರುವಷ್ಟೂ ಬೆಳೆಯುತ್ತದೆ. ಆದರೆ ಅದಕ್ಕೆ ಎಕ್ಸ್ಟ್4ನಂಥ ಲಿನಕ್ಸ್ ಫೈಲ್ ವ್ಯವಸ್ಥೆ ಬೇಕು, ಫ್ಯಾಟ್32 ಆಗುವುದಿಲ್ಲ. ಜೀಪಾರ್ಟೆಡ್ ಅನ್ನುವ ತಂತ್ರಾಂಶದಲ್ಲಿ ಡ್ರೈವನ್ನು ಎರಡು ಭಾಗ ಮಾಡಿಕೊಳ್ಳಬಹುದಿತ್ತು. ನಾನು ಬೇಕೆಂದೇ ಮಾಡಲಿಲ್ಲ. ಮೇಷ್ಟ್ರು ಇದೇ ಡ್ರೈವ್ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಪ್ರಿಂಟ್ ತೆಗೆಸಲು ಹೋಗುತ್ತಾರೆ. ಅಲ್ಲಿ ವಿಂಡೋಸ್. ಫ್ಯಾಟ್32 ಆದರೆ ಎಲ್ಲಿ ಹಾಕಿದರೂ ತೆರೆಯುತ್ತದೆ. ಹಾಗಾಗಿ 1 ಜಿಬಿಯ ಸೇವ್ ಫೈಲ್ ಒಂದೇ ಸಾಕು ಅಂದೆ.

ನಾನು ಹಾಕಿಕೊಂಡ ನಿಯಮ ಇದು: ಸೇವ್ ಫೈಲ್ ಒಳಗೆ ಸೆಟ್ಟಿಂಗ್ಸ್ ಮಾತ್ರ, ಬರವಣಿಗೆ ಏನಿದ್ದರೂ ಹೊರಗೆ. ಫಾಂಟು, ಕೀಲಿಮಣೆ, ಪ್ರಿಂಟರ್, ವೈಫೈ ಪಾಸ್‌ವರ್ಡ್ ಒಳಗೆ ಇರಲಿ. ಪುಸ್ತಕಪಟ್ಟಿ, ವರದಿಗಳು ಡ್ರೈವಿನ ಮೇಲೆಯೇ "ಗ್ರಂಥಾಲಯ" ಅನ್ನುವ ಸಾಮಾನ್ಯ ಫೋಲ್ಡರಿನಲ್ಲಿ. ಸೇವ್ ಫೈಲ್ ಎಷ್ಟೇ ಆದರೂ ಒಂದು ಕಡತ. ಕರೆಂಟು ಹೋದಾಗ ಅರ್ಧ ಬರೆದು ನಿಂತರೆ ಒಳಗಿರುವುದೆಲ್ಲ ಅಪಾಯದಲ್ಲಿ. ಹೊರಗಿನ ಫೋಲ್ಡರಿಗೆ ಆ ತಾಪತ್ರಯ ಕಡಿಮೆ. ಅದೂ ಅಲ್ಲದೆ ಪಪ್ಪಿ ಶುರುವಾಗದೆ ಹೋದ ದಿನವೂ ಬೇರೆ ಕಂಪ್ಯೂಟರಿಗೆ ಹಾಕಿ ವರದಿ ತೆರೆಯಬಹುದು. ಮೇಷ್ಟ್ರಿಗೆ ತೋರಿಸಲು ಡೆಸ್ಕ್‌ಟಾಪಿನ ಮೇಲೆ ಆ ಫೋಲ್ಡರಿನ ಐಕಾನ್ ಇಟ್ಟು ಬೇಡದ ಐಕಾನ್‌ಗಳನ್ನು ತೆಗೆದೆ.

ಇನ್ನು ಯಾವಾಗ ಉಳಿಯುತ್ತದೆ ಅನ್ನುವುದು. ಬೂಟ್ ಸಂರಚನೆಯ ಕಡತದಲ್ಲಿ ಪಪ್ಪಿ ಯಾವ ಮಾಧ್ಯಮದಿಂದ ಓಡುತ್ತಿದೆ ಅಂತ ಹೇಳುವ ಒಂದು ಪದ ಇರುತ್ತದೆ. ಅದು ಯುಎಸ್‌ಬಿ ಫ್ಲ್ಯಾಶ್ ಅಂತ ಇದ್ದರೆ ಬದಲಾವಣೆಗಳು ಮೊದಲು ರ್ಯಾಮಿನಲ್ಲಿ ಸೇರಿಕೊಂಡು, ಆಗಾಗ ಒಟ್ಟಿಗೆ ಸೇವ್ ಫೈಲಿಗೆ ಇಳಿಯುತ್ತವೆ. ಅಗ್ಗದ ಪೆನ್ ಡ್ರೈವ್ ಪದೇ ಪದೇ ಬರೆಸಿಕೊಂಡರೆ ಬೇಗ ಸವೆಯುತ್ತದೆ, ಅದಕ್ಕೇ ಈ ಏರ್ಪಾಡು. ಮೊದಲಿಗೆ ಇದು 30 ನಿಮಿಷಕ್ಕೊಮ್ಮೆ ಇರುತ್ತದೆ. ಉಳಿಸುವಾಗ ಹಳೇ ಯಂತ್ರ ಒಂದು ಕ್ಷಣ ಉಸಿರು ಹಿಡಿದಂತೆ ನಿಲ್ಲುತ್ತದೆ, ಮೌಸ್ ಕದಲುವುದಿಲ್ಲ. ಮೇಷ್ಟ್ರಿಗೆ ಇದು ಗಾಬರಿ. ಇವೆಂಟ್ ಮ್ಯಾನೇಜರ್‌ಗೆ ಹೋಗಿ ಸಮಯದ ಜಾಗದಲ್ಲಿ ಸೊನ್ನೆ ಹಾಕಿದೆ. ಈಗ ಆಫ್ ಮಾಡುವಾಗ ಮಾತ್ರ ಉಳಿಸುತ್ತದೆ, ಅದೂ ಕೇಳಿಕೊಂಡು. ಬೇಕಾದಾಗ ಡೆಸ್ಕ್‌ಟಾಪಿನ "ಸೇವ್" ಒತ್ತಿದರೂ ಆದೀತು. ಸೆಟ್ಟಿಂಗ್ಸ್ ದಿನಾ ಬದಲಾಗುವುದಿಲ್ಲ, ಅಲ್ವಾ? ಸಂಘದ ಮಕ್ಕಳು ಬಂದು ವಾಲ್‌ಪೇಪರ್ ಬದಲಿಸಿ ಹೋದರೆ ಆಫ್ ಮಾಡುವಾಗ "ಬೇಡ" ಅಂದರೆ ಸಾಕು, ಮರುದಿನ ಎಲ್ಲ ಮೊದಲಿನಂತೆ. ವಿಂಡೋಸ್ ಯಂತ್ರಕ್ಕೆ ಈ ಅನುಕೂಲ ಸುಲಭದಲ್ಲಿ ಸಿಗುವುದಿಲ್ಲ.

ಕನ್ನಡ ಹಾಕಿದ್ದು ನನಗೆ ಖುಷಿ ಕೊಟ್ಟ ಭಾಗ. ಮೊದಲಿಗೆ ಕನ್ನಡದ ಜಾಗದಲ್ಲಿ ಬರೀ ಚೌಕಗಳು. ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಫಾಂಟ್ ಕಡತಗಳನ್ನು ಫಾಂಟ್ ಫೋಲ್ಡರಿಗೆ ಹಾಕಿದ ಮೇಲೆ ಅಕ್ಷರ ಬಂದವು. ಟೈಪಿಂಗಿಗೆ ಐಬಸ್‌ನಂಥ ಬೇರೆ ತಂತ್ರಾಂಶವನ್ನೆಲ್ಲ ಹಾಕಬೇಕೆಂದಿಲ್ಲ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಕನ್ನಡದ ಇನ್‌ಸ್ಕ್ರಿಪ್ಟ್ ಇದೆ, ಕಗಪ ಅನ್ನುವ ಇನ್ನೊಂದೂ ಇದೆ. ಟರ್ಮಿನಲ್ಲಿನಲ್ಲಿ ಸೆಟ್‌ಎಕ್ಸ್‌ಕೆಬಿಮ್ಯಾಪ್ ಅನ್ನುವ ಆಜ್ಞೆಯ ಒಂದು ಸಾಲು ಸಾಕು: ಇಂಗ್ಲಿಷ್, ಕನ್ನಡ ಎರಡೂ ಇರಲಿ, ಆಲ್ಟ್ ಶಿಫ್ಟ್ ಒತ್ತಿದರೆ ಬದಲಾಗಲಿ ಅಂತ. ಆ ಸಾಲನ್ನು ಚಿಕ್ಕ ಕಡತ ಮಾಡಿ ಸ್ಟಾರ್ಟಪ್ ಫೋಲ್ಡರಿನಲ್ಲಿ ಇಟ್ಟೆ, ಪ್ರತಿಸಲ ತಾನೇ ಓಡುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸವಿರುವ ಮೇಷ್ಟ್ರ ಬೆರಳಿಗೆ ಕಗಪ ಬೇಗ ಹಿಡಿಸಿತು.

ತಲೆನೋವು ಕೊಟ್ಟದ್ದು ಹಳೇ ಕಡತಗಳು. ಸಂಘದ ಹಿಂದಿನ ವರದಿಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನ ನುಡಿ ಫಾಂಟಿನವು, ಯಾರೋ ಸದಸ್ಯರು ಸಿಡಿಗೆ ಹಾಕಿಟ್ಟಿದ್ದರಿಂದ ಉಳಿದವು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಆ ಫಾಂಟ್ ಹಾಕಿದರೆ ಓದಲು ಬರುತ್ತದೆ, ಆದರೆ ಹುಡುಕಲು ಆಗುವುದಿಲ್ಲ. ಯೂನಿಕೋಡ್‌ಗೆ ಬದಲಿಸುವ ಉಪಕರಣಗಳಿವೆ, ಅವನ್ನು ಬಳಸಿ ಮನೆಯಲ್ಲೇ ಒಂದೊಂದಾಗಿ ಮಾಡುತ್ತಿದ್ದೇನೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣು ಹಾಯಿಸಲೇಬೇಕು.

ನೆಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೇಬಲ್ ಇದ್ದರೆ ತಾನೇ ಸಿಗುತ್ತದೆ. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಟೆದರಿಂಗ್ (ಫೋನಿನ ನೆಟ್ ಹಂಚುವ ಸೌಲಭ್ಯ) ಆನ್ ಮಾಡಿ, ಪಪ್ಪಿ ಅದನ್ನು ಕೇಬಲ್ ನೆಟ್ ಅಂತಲೇ ತಿಳಿಯುತ್ತದೆ. ವೈಫೈ ಡ್ರೈವರ್ ಹುಡುಕುತ್ತ ಕೂರುವ ಮೊದಲು ಇದನ್ನು ನೋಡಿ. ಪಪ್ಪಿಯಲ್ಲಿ ನಾವು ಯಾವಾಗಲೂ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ. ಇದರ ಬಗ್ಗೆ ಜಗಳ ಇದ್ದೇ ಇದೆ. ಡಿಸ್ಕೇ ಇಲ್ಲದ ಯಂತ್ರದಲ್ಲಿ ನನಗೆ ಅದು ದೊಡ್ಡ ಭಯ ಅಲ್ಲ. ಆದರೆ ಈ ಯಂತ್ರದಲ್ಲಿ ಬ್ಯಾಂಕ್ ಕೆಲಸ ಬೇಡ ಅಂತ ಮೇಷ್ಟ್ರಿಗೆ ಖಂಡಿತವಾಗಿ ಹೇಳಿದ್ದೇನೆ. ಉಬುಂಟು 18.04ಗೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2023ರಲ್ಲೇ ನಿಂತಿದೆ.

ನನ್ನ ಜೇಬಿನಲ್ಲೂ ಈಗ ಇಂಥದೇ ಡ್ರೈವ್ ಇದೆ, 64 ಬಿಟ್‌ನದು, ಡೆಬಿಯನ್ 12 ಆಧಾರದ ಬುಕ್‌ವರ್ಮ್‌ಪಪ್. ಹೊಸ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕುವುದಾದರೆ ಎಚ್ಚರಿಕೆ ಬೇಕು. ಕೆಲವಲ್ಲಿ ಸೆಕ್ಯೂರ್ ಬೂಟ್, ಅಂದರೆ ಗುರುತಿಲ್ಲದ ವ್ಯವಸ್ಥೆ ಶುರುವಾಗದಂತೆ ತಡೆಯುವ ಸೌಲಭ್ಯ, ಆಫ್ ಮಾಡಬೇಕಾಗುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಆಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇನ್ನೊಂದು: ವಿಂಡೋಸ್ ಮಾಮೂಲಾಗಿ ಆಫ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಕಾರಣ ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಪಪ್ಪಿಯಿಂದ ಅದರ ಡಿಸ್ಕಿಗೆ ಬರೆಯಲು ಹೋಗಬೇಡಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ಪೂರ್ತಿ ಆಫ್ ಆಗುತ್ತದೆ.

ಸಂಘದ ಸದಸ್ಯರಾದ ಹೋಟೆಲ್ ಶೆಟ್ರು ಒಬ್ಬರು ಇದನ್ನೆಲ್ಲ ನೋಡಿ, "ನಮ್ಮ ಗಲ್ಲಾದ ಕಂಪ್ಯೂಟರಿಗೂ ಒಂದು ಮಾಡಿಕೊಡಿ ಮಾರಾಯ್ರೇ" ಅಂದರು. ನಾನು ಬೇಡ ಅಂದೆ. ಅವರ ಬಿಲ್ಲಿಂಗ್ ತಂತ್ರಾಂಶ ವಿಂಡೋಸಿನದು. ಮಧ್ಯಾಹ್ನ ಊಟದ ಹೊತ್ತಿಗೆ ಬಿಲ್ ನಿಂತರೆ ಲಿನಕ್ಸ್ ಎಷ್ಟು ಹಗುರ ಅಂತ ಯಾರೂ ಕೇಳುವುದಿಲ್ಲ. ಬದಲಿಗೆ ಒಂದು ಪಪ್ಪಿ ಡ್ರೈವ್ ಕೊಟ್ಟಿದ್ದೇನೆ. ವಿಂಡೋಸ್ ಏಳದೆ ಹೋದ ದಿನ ಅದರಿಂದ ಶುರುಮಾಡಿ ಡಿಸ್ಕಿನಲ್ಲಿರುವ ಲೆಕ್ಕದ ಕಡತಗಳನ್ನು ಹೊರಗೆ ತೆಗೆಯಲಿಕ್ಕೆ.

ಗ್ರಂಥಾಲಯದ ಡ್ರೈವಿನ ಸೇವ್ ಫೈಲನ್ನೂ "ಗ್ರಂಥಾಲಯ" ಫೋಲ್ಡರನ್ನೂ ತಿಂಗಳಿಗೊಮ್ಮೆ ನನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಳ್ಳುತ್ತೇನೆ. ಪಪ್ಪಿ ಓಡುತ್ತಿರುವಾಗ ಸೇವ್ ಫೈಲ್ ನಕಲು ಮಾಡಬಾರದು, ಆಫ್ ಮಾಡಿ ಬೇರೆ ಯಂತ್ರದಲ್ಲಿ ಮಾಡಬೇಕು. ಅದೇ ಸೇವ್ ಫೈಲನ್ನು ಇನ್ನೊಂದು ಡ್ರೈವಿಗೆ ಹಾಕಿದರೆ ಕನ್ನಡ ಸಮೇತ ಜೋಡಿ ಡ್ರೈವ್ ತಯಾರು. ಅದು ಕಪಾಟಿನಲ್ಲಿದೆ. ಇನ್ನು 32 ಬಿಟ್ ಎಷ್ಟು ದಿನವೋ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸ್ ಕೈಬಿಟ್ಟಿತು, 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ. ಮೇಷ್ಟ್ರಿಗೆ ಇದನ್ನು ಹೇಳಿದೆ. ಪುಸ್ತಕಪಟ್ಟಿಗೆ ನೆಟ್ ಯಾಕೆ ಬೇಕು ಅಂತ ಕೇಳಿ, ಅವರು ಗ್ನ್ಯೂಮರಿಕ್ ಅನ್ನುವ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ "ಕ" ಅಕ್ಷರದ ಲೇಖಕರ ಸಾಲುಗಳನ್ನು ತುಂಬಿಸತೊಡಗಿದರು.