ಚೀಲದ ಉಸಿರಾಟದಲ್ಲಿ ಕೊನೆಗೂ ನೇರವಾದ ಗೆರೆ

ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳು ಉಸಿರನ್ನು ಎಷ್ಟು ಹೆಚ್ಚಿಸುತ್ತದೆ ಎಂಬುದನ್ನು ಬರೀ ಮರುಉಸಿರಾಟದ ಚೀಲ (ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಚೀಲ) ಹಿಡಿದುಕೊಂಡು ಅಳೆಯಲಾಗದು, ಅದಕ್ಕೆ ದುಬಾರಿ ಯಂತ್ರವೇ ಬೇಕು ಎಂದವರೇ ಹೆಚ್ಚು. ಈಗ ಒಬ್ಬನೇ ವ್ಯಕ್ತಿಯಿಂದ ಬೇರೆ ಬೇರೆ ದಿನ ತೆಗೆದ, ಆ ಅನಿಲ ಏರಿದಂತೆ ಉಸಿರು ಏರುವುದನ್ನು ತೋರಿಸುವ ನಕ್ಷೆಯ ಗೆರೆಗಳು ಹತ್ತಿರ ಹತ್ತಿರ ಬೀಳುತ್ತಿವೆ.

ವಿಧಾನ ಸಂಶೋಧಕ ರೀಡ್ 1967ರಲ್ಲಿ ಕೊಟ್ಟದ್ದೇ: ಸುಮಾರು ಆರು ಲೀಟರಿನ ಚೀಲ, ಶೇ 7ರಷ್ಟು ಇಂಗಾಲದ ಡೈಆಕ್ಸೈಡ್, ಉಳಿದದ್ದು ಆಮ್ಲಜನಕ, ನಾಲ್ಕು ನಿಮಿಷ. ಅಷ್ಟು ಆಮ್ಲಜನಕವಿದ್ದಾಗ ರಕ್ತದ ಆಮ್ಲಜನಕವನ್ನು ಗ್ರಹಿಸುವ ಕತ್ತಿನ ಪುಟ್ಟ ಅಂಗ, ಕೆರೋಟಿಡ್ ಬಾಡಿ, ಬಹುಮಟ್ಟಿಗೆ ಸುಮ್ಮನಿರುತ್ತದೆ. ಕಾಣುವುದು ಮಿದುಳುಕಾಂಡದ ಉತ್ತರ.

ಹಣವೆಲ್ಲ ಕರಗಿದ್ದು ಮಿಶ್ರಣದ ಸಿಲಿಂಡರುಗಳಿಗೆ. ಒಂದು ಇಡೀ ಸಿಲಿಂಡರು ಬಾಯಿಕೊಳವೆಯ ಸೋರಿಕೆ ಹುಡುಕುವುದರಲ್ಲೇ ಖಾಲಿಯಾಯಿತು. ಆಮೇಲೆ ಚೀಲ ತಾನಾಗಿಯೇ ಕುಗ್ಗತೊಡಗಿತು. ನೋಡಿದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ನಿಮಿಷಕ್ಕೆ ಇನ್ನೂರು ಮಿಲಿಲೀಟರಿನಷ್ಟು ಹೀರಿ ಹೊರಗೆ ಬಿಡುತ್ತಿತ್ತು! ಅದರ ಹೊರಕೊಳವೆಯನ್ನು ಚೀಲಕ್ಕೇ ತಿರುಗಿಸಿದೆ.

ಆದರೂ ಗೆರೆಯ ಇಳಿಜಾರು ಒಂದೆಡೆ ನಿಲ್ಲಲಿಲ್ಲ. ಇಂಗಾಲದ ಡೈಆಕ್ಸೈಡಿನ ಒತ್ತಡ ಪಾದರಸದ ಒಂದು ಮಿಲಿಮೀಟರ್ ಏರಿದರೆ ಉಸಿರು ಹೆಚ್ಚುತ್ತಿದ್ದದ್ದು ಒಂದು ದಿನ ನಿಮಿಷಕ್ಕೆ ಒಂದು ಲೀಟರ್, ಇನ್ನೊಂದು ದಿನ ನಾಲ್ಕು. ಕಾರಣ ಉಪಕರಣದಲ್ಲಿರಲಿಲ್ಲ. ಕುಳಿತವನಿಗೆ ತನ್ನ ಉಸಿರು ಕೇಳಿಸುತ್ತಿತ್ತು. ಗಮನ ಅತ್ತ ಹೋದೊಡನೆ ಮಿದುಳಿನ ಹೊರಪದರ ಮಿದುಳುಕಾಂಡದ ಕೆಲಸದಲ್ಲಿ ಕೈಹಾಕುತ್ತಿತ್ತು. ಸಂಗೀತ ಹಾಕಿದೆ, ಉಸಿರು ತಾಳಕ್ಕೆ ಕುಣಿಯಿತು. ಕಿವಿಗೆ ಕಥೆ ಹಾಕಿದೆ, ಚುಕ್ಕಿಗಳು ಸಾಲಾಗಿ ನಿಂತವು, ಎರಡೂವರೆ ಲೀಟರಿನ ಆಸುಪಾಸಿನಲ್ಲಿ. ಎಂತಹ ಕಥೆ, ಎಷ್ಟು ವೇಗದ ಓದು ಎಂಬುದನ್ನು ಸದ್ಯಕ್ಕೆ ಹೇಳಲಾರೆ. ಅದಕ್ಕೆ ಬಹಳ ಬೆವರು ಸುರಿದಿದೆ. ನಡುವೆ ಮನಸ್ಸಿನಲ್ಲೇ ಲೆಕ್ಕ ಮಾಡಿಸಿಯೂ ನೋಡಿದೆ: ಚುಕ್ಕಿಗಳು ಮತ್ತೆ ಚೆದುರಿದವು.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಪ್ರಿಯ. ಸಂಶೋಧಕ ಡಫಿನ್ ಮಾಡಿದಂತೆ ಮೊದಲು ಕೆಲವು ನಿಮಿಷ ಜೋರಾಗಿ ಉಸಿರಾಡಿಸಿ, ಮಿಶ್ರಣವನ್ನು ಶೇ 6ಕ್ಕೆ ಇಳಿಸಿ (ಮತ್ತೊಂದು ಸಿಲಿಂಡರು!) ಚೀಲ ಕೊಟ್ಟೆ. ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಉಸಿರು ಸಮತಟ್ಟಾಗಿಯೇ ಸಾಗಿ, 45 ಮಿಲಿಮೀಟರಿನ ಹತ್ತಿರ ತಟ್ಟನೆ ಮೇಲೆದ್ದಿತು. ಆ ಹೊಸ್ತಿಲಿನ ಕೆಳಗೂ ಉಸಿರು ನಿಲ್ಲದಿರುವುದು ಎಚ್ಚರದ ಮಿದುಳಿನ ಒತ್ತಾಸೆಯಿಂದ. ಗಾಢ ನಿದ್ರೆಯಲ್ಲಾದರೆ ಉಸಿರೇ ತಡೆಯುತ್ತದೆ. ಪಕ್ಕದಲ್ಲಿ ವೈದ್ಯರಿರಲಿ, ಒತ್ತಡ 60 ಮಿಲಿಮೀಟರ್ ತಲುಪಿದರೆ ಅಥವಾ ತಲೆನೋವು ಬಂದರೆ ಚೀಲ ತೆಗೆಯಿರಿ. ಮೊದಲ ಅರ್ಧ ನಿಮಿಷದ ಚುಕ್ಕಿಗಳನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.