ನಾಲ್ಕೇ ರಸ್ತೆಯ ಗೇಮು, ಇನ್ನೂ ಮುಗಿದಿಲ್ಲ

ಯೊಕೊಹಾಮಾದಲ್ಲಿ ಎರಡು ವರ್ಷ ಕೆಲಸಕ್ಕಿದ್ದೆ. ಭಾನುವಾರ ಬಂತೆಂದರೆ ಸೆಕೆಂಡ್ ಹ್ಯಾಂಡ್ ಅಂಗಡಿ ಸುತ್ತುವುದೇ ನನ್ನ ಪಾಡು. ಅಲ್ಲಿ ಅಂಗಡಿಯ ಒಂದು ಮೂಲೆಗೆ ‘ಜಂಕ್’ ಅಂತ ಬೋರ್ಡ್ ಹಾಕಿರುತ್ತಾರೆ. ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಹಳೇ ಕ್ಯಾಮೆರಾ, ರೇಡಿಯೋ, ವೈರು, ಚಾರ್ಜರ್ ಎಲ್ಲ ರಾಶಿ ಬಿದ್ದಿರುತ್ತವೆ. ಕೆಲಸ ಮಾಡಿದರೆ ನಿಮ್ಮ ಪುಣ್ಯ, ಮಾಡದಿದ್ದರೆ ವಾಪಸ್ ತಗೊಳ್ಳಲ್ಲ. ಅಂಥದ್ದೊಂದು ಬುಟ್ಟಿಯಲ್ಲಿ ಸಿಕ್ಕಿದ್ದು ನನ್ನ ಸೆಗಾ ಸ್ಯಾಟರ್ನ್, ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್. 1996ರಲ್ಲಿ ಬಂದ ಬಿಳಿ ಮಾಡೆಲ್. ನನ್ನ ಕೈಗೆ ಬರುವ ಹೊತ್ತಿಗೆ ಬಿಳಿ ಹೋಗಿ ಹಳೇ ಸ್ವಿಚ್ ಬೋರ್ಡಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಶೆಲ್ಫಿನಲ್ಲೇ ‘ಸೆಗಾ ರ‍್ಯಾಲಿ ಚಾಂಪಿಯನ್‌ಶಿಪ್’ ಅನ್ನುವ ಕಾರು ಓಟದ ಗೇಮಿನ ಡಿಸ್ಕ್ ಇತ್ತು. ಒಂದು ಕಾಫಿಯ ದುಡ್ಡಿಗೆ ಅದೂ ಬಂತು.

ಈ ಗೇಮ್ ಮೊದಲು ಬಂದದ್ದು ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಕ್ಕೆ. ಮಾಡಿದ ತಂಡದ ಮುಖ್ಯಸ್ಥ ತೆತ್ಸುಯಾ ಮಿಜುಗುಚಿ. ಸ್ಯಾಟರ್ನ್‌ಗೆ ಬಂದದ್ದು 1995ರ ಡಿಸೆಂಬರಿನಲ್ಲಿ. ಆರ್ಕೇಡ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತಿದ್ದದ್ದು ಮನೆಯ ಕನ್ಸೋಲ್‌ನಲ್ಲಿ 30ಕ್ಕೆ ಇಳಿಯಿತು. ದೂರದ ಮರಗಳು, ಬಂಡೆಗಳು ಕಾರು ಹತ್ತಿರ ಹೋದ ಮೇಲೆ ಪುಟಕ್ಕನೆ ಎದ್ದು ನಿಲ್ಲುತ್ತವೆ. ಆದರೆ ಗಾಡಿಯ ನಡಿಗೆ ಮಾತ್ರ ಕೆಟ್ಟಿಲ್ಲ. ನನಗೆ ಬೇಕಾಗಿದ್ದೂ ಅದೇ.

ಮೈಸೂರಿಗೆ ವಾಪಸ್ ಬಂದಾಗ ಸೂಟ್‌ಕೇಸ್‌ನಲ್ಲಿ ಬಟ್ಟೆಗಿಂತ ಜೋಪಾನವಾಗಿ ಬಂದದ್ದು ಇದು. ಇಲ್ಲಿ ಮೊದಲ ತೊಡಕು ಕರೆಂಟು. ಜಪಾನಿನದು 100 ವೋಲ್ಟ್, ನಮ್ಮದು 230. ಸುಮ್ನೆ ಪ್ಲಗ್ ಬದಲಾಯಿಸಿ ಚುಚ್ಚಿದರೆ ಅಲ್ಲೇ ಹೊಗೆ. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಂಗಡಿಯಲ್ಲಿ ರೆಡಿ ಸಿಗುವುದು ಹೆಚ್ಚಾಗಿ 110 ವೋಲ್ಟಿನದು. ನಾನು ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ 100ಕ್ಕೇ ಮಾಡಿಸಿಕೊಂಡೆ. ಇಟ್ಟಿಗೆಯಷ್ಟು ತೂಕ, ಸಣ್ಣಗೆ ಗುಂಯ್ ಅನ್ನುತ್ತದೆ. ಹೊಸದಾಗಿ ಜಪಾನ್ ಮಾಡೆಲ್ ತರಿಸುವವರಿಗೆ ನಾನು ಹೇಳುವುದಿಷ್ಟೇ. ಕನ್ಸೋಲ್ ಬರುವ ಮೊದಲೇ ಟ್ರಾನ್ಸ್‌ಫಾರ್ಮರ್ ಮನೆಯಲ್ಲಿರಲಿ. ಡಬ್ಬಿ ಬಿಚ್ಚಿದ ಮೇಲೆ ಯಾರ ಕೈಯೂ ಸುಮ್ಮನಿರುವುದಿಲ್ಲ.

ಎರಡನೆಯದು ಟಿವಿ. ಮೊದಲು ಹಾಲ್‌ನಲ್ಲಿದ್ದ ಎಲ್‌ಇಡಿ ಟಿವಿಗೆ ಹಳದಿ, ಬಿಳಿ, ಕೆಂಪು ವೈರು ಹಾಕಿ ಆಡಿದೆ. ಚಿತ್ರ ನೀರು ಬಿದ್ದ ಕಾಗದದ ಥರ ಮಬ್ಬು. ಅದನ್ನಾದರೂ ಸಹಿಸಬಹುದು. ಎಡಕ್ಕೆ ಒತ್ತಿದರೆ ಕಾರು ಒಂಚೂರು ಯೋಚನೆ ಮಾಡಿ ತಿರುಗುತ್ತಿತ್ತು. ಹಳೇ ಸಿಗ್ನಲ್ಲನ್ನು ಹೊಸ ಟಿವಿ ದೊಡ್ಡದು ಮಾಡಿ ತೋರಿಸುವುದಕ್ಕೆ ಸಮಯ ತಗೊಳ್ಳುತ್ತದೆ. ಬೇರೆ ಗೇಮ್‌ನಲ್ಲಿ ಗೊತ್ತಾಗದಷ್ಟು ಸಣ್ಣ ತಡ. ರ‍್ಯಾಲಿಯಲ್ಲಿ ಅಷ್ಟರೊಳಗೆ ನೀವು ಗೋಡೆಗೆ ಒರೆಸಿಕೊಂಡಿರುತ್ತೀರಿ.

ಅಟ್ಟದ ಮೇಲೆ ಅಮ್ಮನ 21 ಇಂಚಿನ ಹಳೇ ಡಬ್ಬಾ ಟಿವಿ ಇತ್ತು. ಭಾವನನ್ನು ಕರೆದು ಇಬ್ಬರೂ ಸೇರಿ ಇಳಿಸಿದೆವು. ಹಾಕಿದರೆ ಗೇಮ್ ಬಂತು, ಬಣ್ಣ ಬರಲಿಲ್ಲ. ಕಪ್ಪು ಬಿಳುಪು! ಸ್ಯಾಟರ್ನ್ ಕೆಟ್ಟಿತು ಅಂತಲೇ ಅಂದುಕೊಂಡೆ. ಆಮೇಲೆ ಹೊಳೆಯಿತು. ಜಪಾನ್ ಕನ್ಸೋಲ್ ಕಳಿಸುವುದು ಎನ್‌ಟಿಎಸ್‌ಸಿ, ನಮ್ಮ ಟಿವಿ ಕೂತಿರುವುದು ಪಾಲ್‌ನಲ್ಲಿ. ಬಣ್ಣದ ಸಿಗ್ನಲ್ ಕಳಿಸುವ ಎರಡು ಬೇರೆ ಬೇರೆ ಪದ್ಧತಿ ಇವು. ಟಿವಿ ಮೆನುವಿನಲ್ಲಿ ಕಲರ್ ಸಿಸ್ಟಮ್ ಅಂತ ಇರುತ್ತದಲ್ಲ, ಅದನ್ನು ಎನ್‌ಟಿಎಸ್‌ಸಿ 3.58ಕ್ಕೆ ಹಾಕಿದೆ. ಪರದೆ ಒಮ್ಮೆ ಮಿಟುಕಿತು, ಗೇಮಿನ ಸೆಲಿಕಾ ಕಾರಿನ ಹಸಿರು ಕೆಂಪು ಬಣ್ಣ ಬಂದೇಬಿಟ್ಟಿತು. ಭಾವ ಚಪ್ಪಾಳೆ ತಟ್ಟಿದರು.

ಗೇಮ್‌ನಲ್ಲಿ ಮೊದಲಿಗೆ ಸಿಗುವ ಕಾರು ಎರಡೇ: ಟೊಯೋಟಾ ಸೆಲಿಕಾ ಜಿಟಿ-ಫೋರ್, ಲ್ಯಾನ್ಸಿಯಾ ಡೆಲ್ಟಾ ಇಂಟೆಗ್ರಾಲೆ. ಲ್ಯಾನ್ಸಿಯಾ 1987ರಿಂದ 1992ರವರೆಗೆ ಸತತ ಆರು ವರ್ಷ ರ‍್ಯಾಲಿ ಕಾರು ಓಟದಲ್ಲಿ ತಯಾರಕರ ವಿಶ್ವ ಪ್ರಶಸ್ತಿ ಗೆದ್ದ ಕಂಪನಿ. ಸೆಲಿಕಾದ ಕಥೆ ಬೇರೆ. ಗೇಮ್ ಮನೆಗಳಿಗೆ ಬಂದ 1995ರಲ್ಲೇ ಸ್ಪೇನಿನ ರ‍್ಯಾಲಿಯಲ್ಲಿ ಟರ್ಬೋದ ಕಳ್ಳಾಟ ಸಿಕ್ಕಿಬಿದ್ದು, ಟೊಯೋಟಾ ತಂಡಕ್ಕೆ 12 ತಿಂಗಳ ನಿಷೇಧ ಬಿತ್ತು. ಹೊರಗೆ ನಿಷೇಧ, ನಮ್ಮ ಟಿವಿಯಲ್ಲಿ ಓಟ. ನಾನು ಓಡಿಸುವುದು ಸೆಲಿಕಾವೇ. ಡೆಲ್ಟಾ ತಿರುವಿನಲ್ಲಿ ಹಿಂದೆ ಬೀಸುವುದು ನನ್ನ ಕೈಗೆ ಇನ್ನೂ ಒಗ್ಗಿಲ್ಲ.

ರಸ್ತೆಗಳು ಮೂರು: ಡೆಸರ್ಟ್, ಫಾರೆಸ್ಟ್, ಮೌಂಟನ್. ಶುರುವಾಗುವಾಗ ನೀವು 15ನೇ ಸ್ಥಾನ. ಒಂದು ರಸ್ತೆಯಲ್ಲಿ ಎಷ್ಟನೆಯವರಾಗಿ ಮುಗಿಸಿದಿರೋ ಮುಂದಿನ ರಸ್ತೆಯಲ್ಲಿ ಅಲ್ಲಿಂದಲೇ ಆರಂಭ. ಮೂರೂ ಮುಗಿಯುವಾಗ ಮೊದಲಿಗರಾಗಿದ್ದರೆ ನಾಲ್ಕನೆಯದು, ಲೇಕ್‌ಸೈಡ್, ತೆರೆಯುತ್ತದೆ. ಅಲ್ಲೂ ಗೆದ್ದರೆ ಲ್ಯಾನ್ಸಿಯಾ ಸ್ಟ್ರಾಟೋಸ್ ಕಾರು ಸಿಗುತ್ತದೆ. ಇಷ್ಟೇ ಗೇಮು. ಮೊದಲ ವಾರ ನನಗೂ ಇಷ್ಟೇನಾ ಅನ್ನಿಸಿತ್ತು.

ಮೊದಲ ತಿಂಗಳು ನಾನು ಮಾಡಿದ ತಪ್ಪು, ಆಕ್ಸಿಲರೇಟರ್ ಬಟನ್ನಿನಿಂದ ಬೆರಳೇ ತೆಗೆಯದಿದ್ದದ್ದು. ತಿರುವು ಬಂದರೆ ಬ್ರೇಕ್ ಗುದ್ದುವುದು, ಗಾಡಿ ಸತ್ತಂತಾಗುವುದು, ಮತ್ತೆ ವೇಗ ಹಿಡಿಯುವುದರೊಳಗೆ ನಾಲ್ಕು ಜನ ಮುಂದೆ. ಮೇಲಾಗಿ ನನ್ನ ಹತ್ತಿರ ಸ್ಟೀರಿಂಗ್ ಇರಲಿಲ್ಲ, ಇದ್ದದ್ದು ಮಾಮೂಲಿ ಪ್ಯಾಡ್. ಅದರಲ್ಲಿ ಎಡ ಒತ್ತಿದರೆ ಪೂರ್ತಿ ಎಡ. ಸ್ವಲ್ಪ ಎಡ ಅನ್ನುವುದೇ ಇಲ್ಲ. ಹೆಬ್ಬೆರಳಿನ ತುದಿಯಲ್ಲಿ ಬೊಕ್ಕೆ ಬಂದ ಮೇಲೆ ಟಪ್ ಟಪ್ ಅಂತ ಬಿಟ್ಟು ಬಿಟ್ಟು ಒತ್ತುವುದು ಕಲಿತೆ. ಉದ್ದನೆಯ ತಿರುವಿಗೆ ಮೂರೋ ನಾಲ್ಕೋ ಟಪ್, ಸಣ್ಣದಕ್ಕೆ ಒಂದೇ.

ಆಮೇಲೆ ಬಂದದ್ದು ನಿಜವಾದ ಕಲಿಕೆ. ಫಾರೆಸ್ಟ್‌ನ ಹೇರ್‌ಪಿನ್ ತಗೊಳ್ಳಿ. ತಿರುವಿಗೆ ಸ್ವಲ್ಪ ಮೊದಲೇ ಆಕ್ಸಿಲರೇಟರ್ ಬಿಡಬೇಕು. ಬ್ರೇಕ್ ಬೇಡ, ಸುಮ್ನೆ ಬಿಡುವುದು. ಬಿಟ್ಟ ಕೂಡಲೇ ಮೂಗು ಒಳಗೆ ತಿರುಗಿಸಬೇಕು. ಗಾಡಿಯ ಹಿಂಭಾಗ ಜಲ್ಲಿಯ ಮೇಲೆ ಹೊರಗೆ ಜಾರುತ್ತದೆ. ಜಾರಲು ಶುರುವಾಗಿದ್ದೇ ಉಲ್ಟಾ ಕಡೆಗೆ ಒಂದು ಟಪ್, ಮತ್ತೆ ಪೂರ್ತಿ ಆಕ್ಸಿಲರೇಟರ್. ಸರಿಯಾಗಿ ಬಂದರೆ ಗಾಡಿ ಅಡ್ಡಡ್ಡ ಹೋಗುತ್ತಲೇ ತಿರುವಿನಿಂದ ಆಚೆ ಬಂದಿರುತ್ತದೆ. ಒಂದು ಕ್ಷಣ ತಡವಾಗಿ ಬಿಟ್ಟರೆ ಹೊರಗಿನ ಗೋಡೆ, ಬೇಗ ಬಿಟ್ಟರೆ ಒಳಗಿನ ದಿಬ್ಬ. ಈ ಒಂದು ತಿರುವಿಗೇ ನಾನು ಒಂದು ಶನಿವಾರ ಸಂಜೆ ಪೂರ್ತಿ ಕಳೆದಿದ್ದೇನೆ.

ಇಷ್ಟು ಕಲಿತು ಬೀಗುವಾಗ ರಸ್ತೆ ಟಾರಿಗೆ ಬದಲಾಗುತ್ತದೆ. ಈ ಗೇಮ್‌ನ ಹೆಚ್ಚುಗಾರಿಕೆಯೇ ಇದು. ಮಣ್ಣಿಗೊಂದು ಹಿಡಿತ, ಟಾರಿಗೊಂದು ಹಿಡಿತ. ಜಲ್ಲಿಯಲ್ಲಿ ಜಾರುತ್ತಿದ್ದ ಗಾಡಿ ಟಾರು ಮುಟ್ಟಿದ ತಕ್ಷಣ ಗಪ್ಪಂತ ಕಚ್ಚಿಕೊಂಡು ಮೂಗು ತಿರುಗಿದ ಕಡೆಗೇ ನುಗ್ಗುತ್ತದೆ. ಹಾಗಾಗಿ ಟಾರು ಬರುವ ಮೊದಲೇ ಗಾಡಿ ನೆಟ್ಟಗಾಗಿರಬೇಕು. ಮೌಂಟನ್‌ನಲ್ಲಂತೂ ಮನೆಗಳ ನಡುವಿನ ಕಿರಿದಾದ ರಸ್ತೆ, ಒಂದಾದ ಮೇಲೊಂದು ಹೇರ್‌ಪಿನ್. ಆಗುಂಬೆಯ 14 ತಿರುವು ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಇಳಿದವನು. ಇಲ್ಲಿ ಕಣ್ಣು ಮುಚ್ಚುವ ಹಾಗಿಲ್ಲ.

ಕಿವಿಯನ್ನಂತೂ ಪೂರ್ತಿ ತೆರೆದಿಡಬೇಕು. ಪಕ್ಕದಲ್ಲಿ ಕೂತ ಸಹಚಾಲಕ ಪ್ರತಿ ತಿರುವಿಗೂ ಮೊದಲು ‘ಈಸಿ ರೈಟ್’, ‘ಲಾಂಗ್ ಮೀಡಿಯಂ ಲೆಫ್ಟ್’ ಅಂತ ಕೂಗುತ್ತಾನೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆದ ರ‍್ಯಾಲಿ ನೋಡಲು ಒಮ್ಮೆ ಹೋಗಿದ್ದೆ. ಕೆಂಪು ಧೂಳು ಎಬ್ಬಿಸಿ ಹೋದ ಗಾಡಿಯೊಳಗೆ ಒಬ್ಬ ತಲೆ ಬಗ್ಗಿಸಿ ಪುಸ್ತಕ ಓದುತ್ತಿದ್ದ. ಅದೇ ಪೇಸ್ ನೋಟ್, ಮುಂದಿನ ತಿರುವುಗಳನ್ನು ಮೊದಲೇ ಬರೆದಿಟ್ಟ ಟಿಪ್ಪಣಿ. ಮುಂದಿನ ರಸ್ತೆ ಡ್ರೈವರ್‌ಗೆ ಕಾಣುವ ಮೊದಲೇ ಕೇಳಿಸಬೇಕು. ಗೇಮ್‌ನಲ್ಲಿ ನಾನು ಇದನ್ನು ಬರೀ ಸದ್ದು ಅಂದುಕೊಂಡು ವಾಲ್ಯೂಮ್ ಕಡಿಮೆ ಮಾಡಿ ಆಡುತ್ತಿದ್ದೆ. ವಾಲ್ಯೂಮ್ ಏರಿಸಿ, ಅವನ ‘ಹೇರ್‌ಪಿನ್’ ಅನ್ನುವ ಮಾತಿಗೇ ಬೆರಳು ಎತ್ತುವುದು ಅಭ್ಯಾಸ ಮಾಡಿದೆ. ಫಾರೆಸ್ಟ್‌ನಲ್ಲಿ ಒಂದೇ ವಾರದಲ್ಲಿ ಎರಡೂವರೆ ಸೆಕೆಂಡ್ ಇಳಿಯಿತು.

ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಅವಳಿಗೆ ಒಂದೇ ಅನುಮಾನ. “ಮಾಮ, ಈ ಅಂಕಲ್ ‘ಈಸಿ ರೈಟ್ ಮೇಬಿ’ ಅಂತಾರಲ್ಲ, ಅವರಿಗೇ ಸರಿಯಾಗಿ ಗೊತ್ತಿಲ್ವಾ?” ಪೇಸ್ ನೋಟ್‌ನಲ್ಲಿ ‘ಮೇಬಿ’ ಅಂದರೆ ಪೂರ್ತಿ ವೇಗದಲ್ಲೇ ಹೋಗಬಹುದೇನೋ, ಧೈರ್ಯ ನಿನ್ನದು ಅಂತ ಅಷ್ಟೇ. ಹೇಳಿದೆ. ಅವತ್ತಿನಿಂದ ಮನೆಯಲ್ಲಿ ಹೋಮ್‌ವರ್ಕ್ ಆಯ್ತಾ ಅಂತ ಕೇಳಿದರೂ ‘ಮೇಬಿ’.

ಕಳೆದ ಮಳೆಗಾಲದಲ್ಲಿ ಒಂದು ಹೊಡೆತ ಬಿತ್ತು. ಒಂದು ದಿನ ಸ್ಯಾಟರ್ನ್ ಆನ್ ಮಾಡಿದರೆ ಭಾಷೆ ಯಾವುದು, ತಾರೀಖು ಎಷ್ಟು ಅಂತ ಹೊಸಬನನ್ನು ಕೇಳುವ ಹಾಗೆ ಕೇಳಿತು. ಅರ್ಥವಾಯಿತು, ಎದೆ ಧಸಕ್ಕೆಂದಿತು. ಇದರೊಳಗಿನ ಮೆಮೊರಿ ಬದುಕುವುದು ಸಿಆರ್2032 ಅನ್ನುವ ಬಿಲ್ಲೆ ಬ್ಯಾಟರಿಯಿಂದ. ಅದು ಸತ್ತರೆ ಎಲ್ಲ ಅಳಿಸಿಹೋಗುತ್ತದೆ. ನನ್ನ ಟೈಮಿಂಗ್‌ಗಳೆಲ್ಲ ಹೋದವು. ಸ್ಟ್ರಾಟೋಸ್ ಕೂಡ. ಬ್ಯಾಟರಿ ಬದಲಾಯಿಸುವುದು ಸುಲಭ, ಹಿಂಬದಿಯ ಮುಚ್ಚಳ ತೆಗೆದರೆ ಎದುರಿಗೇ ಇರುತ್ತದೆ, ಸ್ಕ್ರೂಡ್ರೈವರ್ ಕೂಡ ಬೇಡ. ಕನ್ಸೋಲ್ ಆನ್ ಇರುವಾಗಲೇ ಬದಲಾಯಿಸಿದರೆ ಇದ್ದದ್ದು ಅಳಿಯುವುದಿಲ್ಲ. ಈಗ ಮುಚ್ಚಳದ ಮೇಲೆ ಬಿಳಿ ಟೇಪ್ ಅಂಟಿಸಿ ಹಾಕಿದ ತಾರೀಖು ಬರೆದಿದ್ದೇನೆ, ಗ್ಯಾಸ್ ಸಿಲಿಂಡರ್ ಬಂದ ದಿನ ಅಮ್ಮ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ಹಾಗೆ.

ಟೈಮಿಂಗ್‌ಗಳಿಗೆ ಬೇರೆ ನೋಟ್‌ಬುಕ್ ಇಟ್ಟೆವು. ರಸ್ತೆಗೊಂದು ಪುಟ. ಕರೆಂಟ್ ಹೋದರೂ ಬ್ಯಾಟರಿ ಹೋದರೂ ಅದಕ್ಕೇನೂ ಆಗುವುದಿಲ್ಲ. ಮೌಂಟನ್ ಪುಟದಲ್ಲಿ ಇನ್ನೂ ನನ್ನದೇ ಹೆಸರು ಮೇಲಿದೆ. ಡೆಸರ್ಟ್‌ನಲ್ಲಿ ಮಾತ್ರ ಹೋದ ಭಾನುವಾರ ಅಕ್ಕನ ಮಗಳು ನನ್ನದಕ್ಕಿಂತ ಅರ್ಧ ಸೆಕೆಂಡ್ ಕಡಿಮೆಗೆ ಬಂದಳು. ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಸುತ್ತ ಎರಡು ಗೆರೆಯ ಚೌಕ ಹಾಕಿದ್ದಾಳೆ. ಹೇಗೆ ಮಾಡಿದೆಯೇ ಅಂತ ಕೇಳಿದೆ. “ಆ ಉದ್ದದ ತಿರುವಿನಲ್ಲಿ ನೀನು ಬಿಡ್ತೀಯಲ್ಲ ಮಾಮ, ನಾನು ಬಿಡಲೇ ಇಲ್ಲ” ಅಂದಳು.